ಕಾಲ್ದೆಸೆಯಲ್ಲಿ ಕೂತವರು

ಅಪ್ಪ ಬೋರ್ಡು ಬರೆಯುವವರು. ಅಂಗಡಿಗಳ ನೆತ್ತಿಯ ಮೇಲೆ, ಲಾರಿಗಳ ಬೆನ್ನ ಮೇಲೆ, ಶಾಲೆಗಳ ಗೋಡೆಗಳ ಮೇಲೆ ಅವರ ಅಕ್ಷರಗಳಿದ್ದವು. ಇಬ್ಬರು ಹೆಣ್ಣುಮಕ್ಕಳಲ್ಲಿ ಚಿಕ್ಕವಳು ಸದಾ ಅಕ್ಕನಿಗೆ ಅಂಟಿಕೊಂಡೇ ಇರುತ್ತಿದ್ದುದರಿಂದ ಅವಳಿಗೆ ಅವರಿಟ್ಟ ಅಡ್ಡಹೆಸರು ‘ಒತ್ತು’. “ದೊಡ್ಡವಳು ಅಕ್ಷರ, ಇವಳು ಅದರ ಒತ್ತು” ಎಂದು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಹೆಸರು ಹಾಗೇ ನಿಂತುಬಿಟ್ಟಿತು.

ಒತ್ತು ಪದವಿ ಮುಗಿಸುವ ಹೊತ್ತಿಗೆ ಅಪ್ಪನ ಬಲಗೈ ನಡುಗತೊಡಗಿತ್ತು. ಮೊದಲು ಸಣ್ಣ ಅಕ್ಷರ ಬರೆಯುವುದನ್ನು ಬಿಟ್ಟರು, ಆಮೇಲೆ ದೊಡ್ಡ ಅಕ್ಷರ, ಕೊನೆಗೆ ಕುಂಚವನ್ನೇ ಬಿಟ್ಟರು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಯಾರೂ ನೋಡದಿರುವಾಗ ಬೇಗ ಬೇಗ ಕುಡಿದು ಮುಗಿಸುತ್ತಿದ್ದರು. ಡಾಕ್ಟರು ಕೊಟ್ಟ ಮಾತ್ರೆ ಸ್ವಲ್ಪ ದಿನ ಕೆಲಸ ಮಾಡಿ ಆಮೇಲೆ ಸೋತಿತು.

ಔಷಧಗಳ ವಿನ್ಯಾಸ ಮತ್ತು ಅಭಿವೃದ್ಧಿ ಎಂಬ ವಿಷಯದಲ್ಲಿ ಅವಳು ಸ್ನಾತಕೋತ್ತರ ಪದವಿಗೆ ಸೇರಿದ್ದು ಅದೇ ವರ್ಷ.

“ಡಾಕ್ಟರೂ ಅಲ್ಲ, ಮೆಡಿಕಲ್ ಶಾಪೂ ಅಲ್ಲ. ಹಾಗಾದ್ರೆ ಏನೇ ಅದು?” ಎಂದು ಅಕ್ಕ ಕೇಳಿದಳು.

“ಮಾತ್ರೆ ಹುಟ್ಟೋಕೆ ಮುಂಚೆ ಅದರ ಕೈಕಾಲು ಎಲ್ಲೆಲ್ಲಿರಬೇಕು ಅಂತ ಹೇಳೋದು.”

“ಹೆರೋರು ಯಾರು?”

“ಅದೂ ನಾವೇ.”

“ಸರಿ ಬಿಡು, ಬಾಣಂತನ ಮಾತ್ರ ನನ್ನ ತಲೆಗೆ ಕಟ್ಟಬೇಡ” ಎಂದಳು ಅಕ್ಕ.

ಮೊದಲ ವರ್ಷವೆಲ್ಲ ಕಂಪ್ಯೂಟರ್ ಮುಂದೆ ಕಳೆಯಿತು. ಪರದೆಯ ಮೇಲೆ ಒಂದು ಪ್ರೋಟೀನು ಮುದುರಿದ ಬಟ್ಟೆಯಂತೆ ತಿರುಗುತ್ತಿರುತ್ತಿತ್ತು. ಅದರ ಮಡಿಕೆಯೊಂದರಲ್ಲಿ ಸರಿಯಾಗಿ ಕೂರುವಂಥ ಅಣುವನ್ನು ಕಟ್ಟಬೇಕು. ಪುಸ್ತಕಗಳಲ್ಲೆಲ್ಲ ಬೀಗ ಮತ್ತು ಬೀಗದಕೈಯ ಹೋಲಿಕೆ ಇತ್ತು. ಅವಳ ಗೈಡ್ ಮೇಡಂಗೆ ಆ ಹೋಲಿಕೆ ಕಂಡರಾಗದು. “ಬೀಗ ಅಲ್ಲ ಕಣ್ರೀ ಅದು, ಬಸ್ಸಿನ ಸೀಟು. ಹೊಸಬರು ಬಂದು ಕೂತ್ರೆ ಮೊದಲು ಕೂತೋರು ಸ್ವಲ್ಪ ಸರೀತಾರೆ. ಪ್ರೋಟೀನೂ ಹಾಗೇ ಜಾಗ ಮಾಡಿಕೊಡುತ್ತೆ. ಆ ಸರಿಯೋದನ್ನ ಲೆಕ್ಕಕ್ಕೆ ತಗೊಳ್ಳದೆ ಇದ್ರೆ ನಿಮ್ಮ ಅಣು ಬಾಗಿಲಲ್ಲೇ ನಿಂತಿರುತ್ತೆ.” ಮೇಡಂ ಎತ್ತರದ ಹೆಂಗಸು. ನಗು ಕಡಿಮೆ, ಮಾತು ಚುರುಕು. ಕೈ ನಡುಕದ ಕಾಯಿಲೆಗೆ ಔಷಧ ಹುಡುಕುವುದರಲ್ಲೇ ಅವರ ತಲೆಗೂದಲು ಬೆಳ್ಳಗಾಗಿತ್ತು. ಒಂದಾದ ಮೇಲೊಂದು ಅಣು ಮಾಡಿ, ಒಂದಾದ ಮೇಲೊಂದನ್ನು ಕೈಬಿಟ್ಟು, ಈಗ ಹನ್ನೊಂದನೆಯದಕ್ಕೆ ಬಂದು ನಿಂತಿದ್ದರು. ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನು ‘ಹನ್ನೊಂದು’ ಎಂದೇ ಕರೆಯುತ್ತಿದ್ದರು. ಅದರ ಬಾಲದ ತುದಿಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರೆ ದೇಹದಲ್ಲಿ ಹೆಚ್ಚು ಹೊತ್ತು ಉಳಿಯಬಹುದು ಎಂದು ಹೇಳಿದ್ದು ಒತ್ತು. ಹೇಳಿದ ಹಾಗೇ ಆಯಿತು. ಮೇಡಂ ಹೊಗಳಲಿಲ್ಲ, ಆದರೆ ಅಂದಿನಿಂದ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡರು.

ಇಲಿಗಳ ಮೇಲಿನ ಪರೀಕ್ಷೆಗಳು ಮುಗಿದು ಒಪ್ಪಿಗೆ ಬಂದ ಮೇಲೆ, ಎರಡನೆಯ ವರ್ಷ, ಹನ್ನೊಂದನ್ನು ಮನುಷ್ಯರಿಗೆ ಕೊಡುವ ಕಾಲ ಬಂತು. ಮೊದಲು ಕೊಡುವುದು ರೋಗಿಗಳಿಗಲ್ಲ, ಆರೋಗ್ಯವಂತರಿಗೆ. ಔಷಧ ವಾಸಿ ಮಾಡುತ್ತದೆಯೇ ಎಂದು ನೋಡಲು ಅಲ್ಲ, ಕೆಡುಕು ಮಾಡುವುದಿಲ್ಲವೇ ಎಂದು ನೋಡಲು. ಆಸ್ಪತ್ರೆಯ ಮೇಲಿನ ಅಂತಸ್ತಿನಲ್ಲಿ ಇದಕ್ಕೆಂದೇ ಒಂದು ವಾರ್ಡ್ ಇತ್ತು. ಉದ್ದನೆಯ ಕಾರಿಡಾರ್, ಒಂದೇ ಪಕ್ಕಕ್ಕೆ ಆರು ಕೋಣೆ, ತುದಿಯಲ್ಲಿ ನರ್ಸ್ ಕೂರುವ ಜಾಗ. ಪ್ರತಿ ಕೋಣೆಯಲ್ಲೂ ಒಂದು ಮಂಚ, ಒಂದು ಕಪಾಟು, ಬಾಗಿಲಲ್ಲಿ ಒಂದು ಗಾಜು, ಮೂಲೆಯಲ್ಲಿ ಒಂದು ಕ್ಯಾಮೆರಾ. ನೋಡಲು ಬರುವವರಿಗೆ ಪ್ರವೇಶವಿಲ್ಲ, ಹಾಗಾಗಿ ಕುರ್ಚಿಗಳೂ ಇರಲಿಲ್ಲ. ಆರು ಜನ ಸ್ವಯಂಸೇವಕರಲ್ಲಿ ಕೆಲವರಿಗೆ ಹನ್ನೊಂದು, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಏನೂ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿಲ್ಲ, ನುಂಗುವವರಿಗೂ ಗೊತ್ತಿಲ್ಲ. ದಿನಕ್ಕೆ ಹಲವು ಸಲ ಅವರನ್ನು ಮಾತಾಡಿಸಿ, ಏನಾದರೂ ವ್ಯತ್ಯಾಸವಾಗಿದ್ದರೆ ಬರೆದುಕೊಳ್ಳುವುದು ಒತ್ತುವಿನ ಕೆಲಸ. ಓದಿನ ಭಾಗವೇ ಅದು.

ಮೊದಲ ದಿನ ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಆಕಳಿಕೆ. ಎರಡನೆಯ ದಿನ ಮಧ್ಯಾಹ್ನ ಅವಳು ಎರಡನೇ ಕೋಣೆಗೆ ಹೋದಳು. ಅಲ್ಲಿದ್ದವನು ಟೈಲರ್. ಕಡ್ಡಿಯಂಥ ಆಳು, ಬಾಯಿ ತೆರೆದರೆ ತಮಾಷೆ. ಅಂದು ಅವನು ಮಂಚದ ಒಂದು ಅಂಚಿಗೆ ಸರಿದು, ಮೊಣಕಾಲು ಮಡಚಿಕೊಂಡು ಮಲಗಿದ್ದ. ಹಾಸಿಗೆಯ ಮುಕ್ಕಾಲು ಭಾಗ ಖಾಲಿ.

“ಹೇಗಿದ್ದೀರಿ?”

“ಚೆನ್ನಾಗಿದ್ದೀನಿ ಮೇಡಂ. ಸ್ವಲ್ಪ ಜಾಗ ಸಾಲ್ತಿಲ್ಲ, ಅಷ್ಟೇ.”

“ಇಷ್ಟು ದೊಡ್ಡ ಮಂಚ ಸಾಲಲ್ವಾ?”

“ಕಾಲ ಹತ್ರ ಯಾರೋ ಕೂತಿದ್ದಾರಲ್ಲ” ಎಂದ ಟೈಲರ್.

ಅವಳು ನಕ್ಕಳು. ಅವನು ನಗಲಿಲ್ಲ.

“ಕಾಣಲ್ಲ. ಭಾರ ಮಾತ್ರ. ನಿನ್ನೆ ಮಧ್ಯಾಹ್ನಾನೂ ಬಂದಿದ್ರು. ಹಾಸಿಗೆ ಹೀಗೆ ಕುಸಿಯುತ್ತೆ, ಹೊದಿಕೆ ಬಿಗಿಯಾಗುತ್ತೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗ್ತಾರೆ.”

“ಭಯ ಆಗುತ್ತಾ?”

“ಭಯ ಯಾಕೆ? ಬೈಯಲ್ಲ, ಹೊಡೆಯಲ್ಲ. ಆಸ್ಪತ್ರೇಲಿ ಮಲಗಿದೋರನ್ನ ನೋಡೋಕೆ ಬಂದು, ಏನು ಮಾತಾಡ್ಬೇಕೋ ಗೊತ್ತಾಗದೆ ಸುಮ್ಮನೆ ಕೂರ್ತಾರಲ್ಲ, ಹಾಗೆ.” ಅವಳು ಮಂಚದ ಹತ್ತಿರ ಬರಹೋದಾಗ ಅವನು ಸೇರಿಸಿದ: “ನೀವು ಈಗ ಆ ಕಡೆ ಬರ್ಬೇಡಿ ಮೇಡಂ. ತಾಗೀತು.”

ಅವಳು ಎತ್ತಿದ ಹೆಜ್ಜೆಯನ್ನು ಹಿಂದಕ್ಕಿಟ್ಟಳು. ಹಾಗೆ ಇಟ್ಟದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಮೂರನೇ ಕೋಣೆಯಲ್ಲಿ ಮಕ್ಕಳಿಗೆ ಈಜು ಕಲಿಸುವ ಹೆಂಗಸು ಇದ್ದಳು. ಗಟ್ಟಿ ತೋಳು, ಗಟ್ಟಿ ಗಂಟಲು. ಅವಳ ಬಾಯಿಂದ ಅದನ್ನು ಹೊರಡಿಸುವುದೇ ಕಷ್ಟವಾಯಿತು. “ಹೇಳಿದ್ರೆ ಹುಚ್ಚು ಅಂತೀರಿ” ಎಂದಳು. ಆಮೇಲೆ ಹೇಳಿದಳು. ಅದೇ ಭಾರ, ಅದೇ ಕಾಲ್ದೆಸೆ, ಅದೇ ಹೊತ್ತು. “ಹೆಂಗಸು ಅನ್ಸುತ್ತೆ. ಯಾಕೆ ಅಂತ ಮಾತ್ರ ಕೇಳ್ಬೇಡಿ.” ಐದನೇ ಕೋಣೆಯ ಲಾರಿ ಡ್ರೈವರ್ ಅಂಗಾತ ಮಲಗಿ ಚಾವಣಿ ನೋಡುತ್ತ, “ನಮ್ಮ ಗಾಡೀಲಿ ದಾರಿ ಮಧ್ಯೆ ಹತ್ತಿದೋರು ಹೀಗೇ ಕೂರ್ತಾರೆ. ಪೂರ್ತಿ ಕೂರಲ್ಲ. ಅಂಚಿಗೆ, ಸಂಕೋಚದಿಂದ” ಎಂದ. ಊಟ ತಿಂಡಿ ಎಲ್ಲವೂ ಅವರವರ ಕೋಣೆಗೇ ಬರುತ್ತಿತ್ತು. ಒಬ್ಬರ ಮುಖ ಇನ್ನೊಬ್ಬರು ನೋಡಿರಲಿಲ್ಲ.

ಮರುದಿನ ಊಟವಾದ ಮೇಲೆ ಒತ್ತು ನರ್ಸಕ್ಕನ ಪಕ್ಕದಲ್ಲಿ ನಿಂತು ಪರದೆ ನೋಡಿದಳು. ನರ್ಸಕ್ಕ ಆ ವಾರ್ಡಿನಲ್ಲಿ ಬಹಳ ವರ್ಷದಿಂದ ಇದ್ದವಳು. ದಪ್ಪ ಕನ್ನಡಕ, ಮಡಿಲಲ್ಲಿ ಸದಾ ಒಂದು ಹೆಣಿಗೆ. ಪರದೆಯ ಮೇಲೆ ಆರು ಚೌಕ, ಆರು ಮಂಚ. ಕಿಟಕಿಗಳಿಂದ ಒಳ್ಳೆಯ ಬಿಸಿಲು ಬಿದ್ದಿತ್ತು. ಒಬ್ಬರು ಓದುತ್ತಿದ್ದರು, ಒಬ್ಬರು ಉಗುರು ಕತ್ತರಿಸಿಕೊಳ್ಳುತ್ತಿದ್ದರು.

ಮೊದಲ ಚೌಕದಲ್ಲಿದ್ದವರು ಓದುತ್ತಿದ್ದ ಪುಸ್ತಕದಿಂದ ಕಣ್ಣೆತ್ತದೆಯೇ ಕಾಲು ಮಡಚಿ ಪಕ್ಕಕ್ಕೆ ಸರಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕಾಲು ಚಾಚಿದರು. ಆಗ ಎರಡನೇ ಚೌಕದಲ್ಲಿ ಟೈಲರ್ ಸರಿದ. ಅವನು ಕಾಲು ಚಾಚಿದಾಗ ಈಜಿನಾಕೆ ಸರಿದಳು.

“ಒಂದೊಂದೇ ಕೋಣೆ” ಎಂದಳು ಒತ್ತು.

“ಹೂಂ. ಈಗ ನಾಲ್ಕನೇದು” ಎಂದಳು ನರ್ಸಕ್ಕ, ಹೆಣಿಗೆ ನಿಲ್ಲಿಸದೆ.

ನಾಲ್ಕನೆಯವರು ಸರಿದರು. ಆಮೇಲೆ ಡ್ರೈವರ್. ಆಮೇಲೆ ಕಾರಿಡಾರಿನ ಈ ತುದಿಯ ಆರನೇ ಕೋಣೆ, ಅವರಿಬ್ಬರಿದ್ದ ಜಾಗಕ್ಕೆ ಅಂಟಿಕೊಂಡದ್ದು. ಅಲ್ಲಿದ್ದವರು ಕಾಲು ಮಡಚಿದರು, ಸ್ವಲ್ಪ ಹೊತ್ತು ಹಾಗೇ ಇದ್ದರು, ಮತ್ತೆ ಚಾಚಿದರು.

ನರ್ಸಕ್ಕ ಹೆಣಿಗೆ ನಿಲ್ಲಿಸಿದಳು. ಪಕ್ಕದ ಖಾಲಿ ಸ್ಟೂಲಿನ ಮೇಲಿದ್ದ ತನ್ನ ಚೀಲವನ್ನು ಎತ್ತಿ ಮಡಿಲಿಗಿಟ್ಟುಕೊಂಡಳು. ಒತ್ತು ಆ ಸ್ಟೂಲನ್ನು ನೋಡದೆ, ನೇರ ಪರದೆಯನ್ನೇ ನೋಡುತ್ತ ನಿಂತಳು, ಬಸ್ಸಿನಲ್ಲಿ ಅಪರಿಚಿತರ ಪಕ್ಕ ನಿಂತವರ ಹಾಗೆ.

ಗೈಡ್ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು.

“ಕಾಲಿನಲ್ಲಿ ಭಾರ ಅಂತ ಬರಿ. ಅಡ್ಡಪರಿಣಾಮ, ಸೌಮ್ಯ.”

“ಅವರು ಕಾಲು ಭಾರ ಅಂತಿಲ್ಲ ಮೇಡಂ. ಯಾರೋ ಕೂತಿದ್ದಾರೆ ಅಂತಿದ್ದಾರೆ.”

“ಹಾಗೆ ಬರೆದ್ರೆ ಏನಾಗುತ್ತೆ ಗೊತ್ತಾ? ಇಲ್ಲದ್ದು ಇದೆ ಅನ್ಸೋದು ಅಂದ್ರೆ ಮೆದುಳಿನ ತೊಂದರೆ. ಪ್ರಯೋಗದ ಮೇಲೆ ಕಣ್ಣಿಟ್ಟಿರೋ ಸಮಿತಿಯೋರು ಅಲ್ಲಿಗೇ ನಿಲ್ಲಿಸ್ತಾರೆ.” ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿಮ್ಮಪ್ಪನ ಕೈ ನೆನಪಿದೆ ತಾನೇ ನಿಂಗೆ?”

ಆ ಮಾತು ನಾಟಿತು. ಮನೆಗೆ ಹೋದರೆ ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದರು. ಬೆರಳು ಗುಂಡಿಯನ್ನು ಹಿಡಿಯುತ್ತಿತ್ತು, ತೂತು ಸಿಗುತ್ತಿರಲಿಲ್ಲ. ಸಹಾಯಕ್ಕೆ ಹೋದರೆ ಬೈಗುಳ. ಅವಳು ಅಲ್ಲೇ ಕೂತು, ಹೆಸರುಗಳನ್ನು ಬಿಟ್ಟು, ವಿಷಯ ಹೇಳಿದಳು. ಬಂದು ಕೂರುವವರ ಸುದ್ದಿ ಎತ್ತಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದರೆ ಔಷಧ ನಿಲ್ಲಬಹುದು, ಸ್ವಲ್ಪ ತಿರುಚಿ ಬರೆದರೆ ಮುಂದೆ ಹೋಗಬಹುದು, ಅಷ್ಟೇ ಹೇಳಿದಳು.

ಅಪ್ಪ ಗುಂಡಿ ಬಿಟ್ಟು ಅವಳ ಕಡೆ ತಿರುಗಿದರು. “ನಾನು ಬಾಣದ ಗುರುತಿನ ಬೋರ್ಡು ಎಷ್ಟೋ ಬರೆದಿದ್ದೀನಿ. ಆಸ್ಪತ್ರೆ ಈ ಕಡೆ, ಸ್ಟೇಷನ್ ಆ ಕಡೆ ಅಂತ. ಒಬ್ಬ ಅಂಗಡಿಯೋನು ಬಂದು, ಬಾಣ ನನ್ನ ಅಂಗಡಿ ಕಡೆ ತಿರುಗಿಸಿ ಬರೀರಿ ಅಂದ. ಜನ ಹಾಗೆ ಬಂದ್ರೆ ಅವನಿಗೆ ವ್ಯಾಪಾರ ಅಂತೆ. ನಾನು ಅವನನ್ನ ಏಣಿ ಮೇಲಿಂದಾನೇ ಬೈದೆ.”

“ಅದು ಬೇರೆ ಅಪ್ಪಾ. ಇದು ನಿನ್ನ ಕೈ.”

“ನನ್ನ ಕೈ ಅಂತಾನೇ ಹೇಳ್ತಿರೋದು. ನನ್ನ ಹೆಸರಲ್ಲಿ ಬಾಣ ತಿರುಗಿಸ್ಬೇಡ.” ಮತ್ತೆ ಗುಂಡಿಗೆ ಕೈ ಹಾಕಿದರು. “ಹೋಗು, ಕಾಫಿ ಮಾಡು. ಅರ್ಧ ಲೋಟ ಸಾಕು, ಉಳಿದರ್ಧ ಹೇಗಿದ್ರೂ ನೆಲಕ್ಕೇ.”

ಅವಳು ಆರು ಜನ ಹೇಳಿದ್ದನ್ನೂ ಅವರವರ ಮಾತಿನಲ್ಲೇ ಬರೆದು ಕಳಿಸಿದಳು. ಪ್ರಯೋಗ ನಿಂತಿತು. ಸ್ವಯಂಸೇವಕರನ್ನು ಮನೆಗೆ ಕಳಿಸಿದರು. ಹೊರಡುವಾಗ ಟೈಲರ್ ಬಾಗಿಲಲ್ಲಿ ನಿಂತು, ಒಳಗಿನ ಖಾಲಿ ಮಂಚದ ಕಡೆ ತಿರುಗಿ, “ಬರ್ತೀನಿ” ಎಂದ. ಗೈಡ್ ಮೇಡಂ ಅವಳೊಡನೆ ಮಾತು ಬಿಟ್ಟರು. ಪ್ರಯೋಗಾಲಯದಲ್ಲಿ ಎದುರಾದರೂ ಗೋಡೆಯ ಪಕ್ಕ ಹಾದುಹೋದ ಹಾಗೆ ಹೋಗುತ್ತಿದ್ದರು. ಒತ್ತು ತಾನಾಗಿ ಪಕ್ಕದ ಜಾಗ ಬಿಟ್ಟು, ಹಿಂದಿನ ಸಾಲಿನ ಕಂಪ್ಯೂಟರಿಗೆ ಹೋಗಿ ಕೂತಳು.

ಯಾರಿಗೆ ಯಾವ ಮಾತ್ರೆ ಕೊಟ್ಟಿದ್ದರೆಂಬ ಗುಟ್ಟನ್ನು ಸಮಿತಿ ಕೊನೆಗೆ ಒಡೆಯಿತು. ಟೈಲರನಿಗೂ ಈಜಿನಾಕೆಗೂ ಕೊಟ್ಟದ್ದು ಹುಸಿ ಮಾತ್ರೆ. ಹನ್ನೊಂದರ ಒಂದು ಕಣವೂ ಅವರ ಹೊಟ್ಟೆಗೆ ಹೋಗಿರಲಿಲ್ಲ.

ಮೇಡಂ ತಾವೇ ಅವಳನ್ನು ಹುಡುಕಿಕೊಂಡು ಬಂದರು. ಅವರು ನಕ್ಕದ್ದನ್ನು ಅವಳು ನೋಡಿದ್ದು ಅಂದೇ ಮೊದಲು. “ನಮ್ಮ ಹನ್ನೊಂದು ನಿರಪರಾಧಿ! ನೀನು ಕಾಲು ಭಾರ ಅಂತ ಬರೆದಿದ್ರೆ ಯಾರೂ ಗುಟ್ಟು ಒಡೆದು ನೋಡ್ತಿರ್ಲಿಲ್ಲ, ಆ ಕಳಂಕ ಅದಕ್ಕೇ ಅಂಟಿರ್ತಿತ್ತು. ಒಳ್ಳೇದಾಯ್ತು. ಒಂದೇ ವಾರ್ಡಲ್ಲಿ ಇದ್ರಲ್ಲ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದು ಎಲ್ರಿಗೂ ಹಾಗೇ ಅನ್ಸಿದೆ ಅಂತ ಸಮಿತಿ ಬರೆದಿದೆ. ಹೊಸಬರನ್ನ ಕರೆಸ್ತಿದ್ದೀವಿ.”

ಒತ್ತುವಿಗೆ ನಗು ಬರಲಿಲ್ಲ. ಔಷಧದ ಕೆಲಸವಾಗಿದ್ದರೆ ಅವಳಿಗೆ ಅದರ ತಲೆ ಬಾಲ ಗೊತ್ತಿತ್ತು. ಎಲ್ಲಿ ಹೋಗಿ ಕೂತಿತು, ಏನನ್ನು ಕೆಣಕಿತು ಎಂದು ಪರದೆಯ ಮೇಲೆ ತಿರುಗಿಸಿ ನೋಡಬಹುದಿತ್ತು. ಈಗ ತಿರುಗಿಸಿ ನೋಡಲು ಏನೂ ಇರಲಿಲ್ಲ.

ಹೊಸಬರು ಬರುವ ಮೊದಲು ವಾರ್ಡ್ ಖಾಲಿಯಿತ್ತು. ಒಂದು ಮಧ್ಯಾಹ್ನ ಅವಳು ಮೂರನೇ ಕೋಣೆಗೆ ಹೋಗಿ, ಚಪ್ಪಲಿ ಬಿಟ್ಟು, ಮಂಚದ ಮೇಲೆ ಉದ್ದಕ್ಕೆ ಮಲಗಿ, ಮೊಣಕಾಲಿನವರೆಗೆ ಹೊದಿಕೆ ಎಳೆದುಕೊಂಡಳು. ತೊಳೆದ ಬಟ್ಟೆಯ ವಾಸನೆ. ಹೊರಗೆ ಎಲ್ಲೋ ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು. ಏನೂ ಆಗಲಿಲ್ಲ. ಓದಿದವಳು ನಾನು, ಇದೇನು ಹುಡುಗಾಟ ಎಂದುಕೊಂಡು ಏಳುವುದರಲ್ಲಿದ್ದಳು.

ಆಗ ಹಾಸಿಗೆ ಕುಸಿಯಿತು.

ದಡಕ್ಕನೆ ಅಲ್ಲ. ಮಲಗಿದವರಿಗೆ ಎಚ್ಚರವಾಗದಿರಲಿ ಎಂದು ಮೆಲ್ಲನೆ ಕೂರುವವರು ಹೇಗೆ ಕೂರುತ್ತಾರೋ ಹಾಗೆ, ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು. ಹೊದಿಕೆ ಅವಳ ಕಾಲ್ಬೆರಳುಗಳ ಮೇಲೆ ಬಿಗಿಯಾಯಿತು. ಬಲಗಾಲು ತಾನಾಗಿ ಆ ತಗ್ಗಿನ ಕಡೆ ಹೊರಳಿ, ಯಾವುದಕ್ಕೋ ತಾಗಿ ನಿಂತಿತು. ಬಹಳ ಹೊತ್ತು ಚಾವಣಿಯನ್ನೇ ನೋಡಿದಳು. ಕೊನೆಗೆ ತಲೆಯೆತ್ತಿ ನೋಡಿದಳು. ಯಾರೂ ಇರಲಿಲ್ಲ. ಬಿಸಿಲು ಬಿದ್ದ ಬಿಳಿ ಹೊದಿಕೆ, ಅದರಲ್ಲಿ ಒಬ್ಬರು ಕೂರುವಷ್ಟು ಅಗಲದ ತಗ್ಗು, ತಗ್ಗಿನ ಸುತ್ತ ಹರಡಿದ ನೆರಿಗೆಗಳು. ನೆರಿಗೆಗಳು ಆಗಾಗ ತುಸುವೇ ಅಲುಗುತ್ತಿದ್ದವು, ಉಸಿರಾಡುವವರ ಅಡಿಯಲ್ಲಿ ಅಲುಗುವ ಹಾಗೆ.

ಅವಳು ಮೆಲ್ಲಗೆ ಕಾಲು ಮಡಚಿ ಪಕ್ಕಕ್ಕೆ ಸರಿದಳು.

ಆಮೇಲೆ ಹೆದರಿಕೆ ಒಂದಿಷ್ಟು ಇಳಿಯಿತು. ಅದರ ಜಾಗಕ್ಕೆ ಬಂದದ್ದು ಒಂದು ಥರದ ನಾಚಿಕೆ. ಮನೆಗೆ ಬಂದವರನ್ನು ನಿಲ್ಲಿಸಿಯೇ ಮಾತಾಡಿಸಿದ್ದು ಆಮೇಲೆ ಹೊಳೆದಾಗ ಆಗುತ್ತದಲ್ಲ, ಅಂಥದ್ದು. ಯಾರಾದರೂ ಆಗಿರಲಿ, ಇಲ್ಲಿ ಮಲಗಿದವರನ್ನು ನೋಡಲು ಬರುತ್ತಾರೆ. ಆರು ಕೋಣೆಗಳಲ್ಲಿ ಎಲ್ಲೂ ಕೂರಲು ಒಂದು ಕುರ್ಚಿಯಿಲ್ಲ.

ತಗ್ಗು ನಿಧಾನವಾಗಿ ತುಂಬಿತು. ಹಾಸಿಗೆ ಸಮವಾಯಿತು. ಅವಳು ಚಪ್ಪಲಿ ಮೆಟ್ಟಿಕೊಳ್ಳುವಾಗ ಎಡಕ್ಕೆ ಬಲದ್ದು ಹಾಕಿಕೊಂಡು ಕಾರಿಡಾರಿನ ತುದಿಯವರೆಗೆ ಹೋದಳು.

“ನರ್ಸಕ್ಕಾ, ಕುರ್ಚಿ ಎಲ್ಲಿ ಸಿಗುತ್ತೆ?”

ನರ್ಸಕ್ಕ ಅವಳ ಮುಖ ನೋಡಿದಳು, ಕಾಲು ನೋಡಿದಳು. “ಮೊದಲು ಚಪ್ಪಲಿ ಸರಿ ಮಾಡ್ಕೊ. ಕೆಳಗೆ ಕಾಯೋ ಹಾಲಲ್ಲಿ ಬೇಕಾದಷ್ಟಿದೆ. ಬಾ, ನಾನೂ ಬರ್ತೀನಿ.”

ಇಬ್ಬರೂ ಸೇರಿ ಆರು ಕುರ್ಚಿ ಹೊತ್ತು ತಂದರು. ಉಗ್ರಾಣದವನು ಹಿಂದೆಯೇ ಬಂದು, ನೋಡುವವರೇ ಬರದ ವಾರ್ಡಿಗೆ ಕುರ್ಚಿ ಯಾಕೆಂದು ಜಗಳ ತೆಗೆದ. “ಬರದೋರು ಕೂತ್ಕೊಳ್ಳೋಕೆ” ಎಂದಳು ನರ್ಸಕ್ಕ. ಅವನು ಗೊಣಗುತ್ತ ಹೋದ. ಒಂದೊಂದು ಮಂಚದ ಪಕ್ಕಕ್ಕೂ ಒಂದೊಂದು ಕುರ್ಚಿ ಇಟ್ಟರು.

ಹೊಸ ಆರು ಜನ ಬಂದರು, ಮಾತ್ರೆ ನುಂಗಿದರು, ಇದ್ದಷ್ಟು ದಿನ ಇದ್ದು ಹೋದರು. ಯಾರೂ ಕಾಲು ಮಡಚಲಿಲ್ಲ. ಒತ್ತು ಮತ್ತೆ ಮತ್ತೆ ಕೇಳಿದಳು, ಭಾರವೇನಾದರೂ ಅನ್ನಿಸಿತೇ ಎಂದು. ಇಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಮಾತ್ರ, “ಒಬ್ಬಳೇ ಇರೋಕೆ ಬೇಜಾರಾಗುತ್ತೆ ಅಂತ ಹೆದರಿದ್ದೆ ಮೇಡಂ. ಆಗ್ಲೇ ಇಲ್ಲ. ಮಧ್ಯಾಹ್ನ ಚೆನ್ನಾಗಿ ನಿದ್ದೆ ಬರುತ್ತೆ” ಎಂದಳು. ಅವಳ ಬ್ಯಾಗು, ಬಟ್ಟೆ, ಟವೆಲು ಎಲ್ಲ ಮಂಚದ ಮೇಲೆ, ಕಿಟಕಿಯ ಮೇಲೆ ಹರಡಿದ್ದವು. ಕುರ್ಚಿಯ ಮೇಲೆ ಏನನ್ನೂ ಇಟ್ಟಿರಲಿಲ್ಲ. ಯಾಕೆಂದು ಕೇಳಿದರೆ, “ಗೊತ್ತಿಲ್ಲ, ಇಡೋಣ ಅನ್ನಿಸ್ಲಿಲ್ಲ” ಎಂದಳು.

ಹನ್ನೊಂದು ಮೊದಲ ಮೆಟ್ಟಿಲು ದಾಟಿತು. ಒತ್ತು ಪರೀಕ್ಷೆ ಬರೆದು, ಪ್ರಬಂಧ ಒಪ್ಪಿಸಿ, ಪದವಿ ಪಡೆದು, ಮೇಡಂ ಹತ್ತಿರವೇ ಕೆಲಸಕ್ಕೆ ಸೇರಿದಳು. ಔಷಧ ರೋಗಿಗಳ ಮೇಲಿನ ಪರೀಕ್ಷೆಗೆ ಹೋಯಿತು. ಮಗಳು ಈ ಕೇಂದ್ರದವಳಾದ್ದರಿಂದ ಅಪ್ಪನನ್ನು ಬೇರೆ ಊರಿನ ಕೇಂದ್ರಕ್ಕೆ ಸೇರಿಸಿಕೊಂಡರು. ಅಕ್ಕ ಅವರನ್ನು ಕರೆದುಕೊಂಡು ಹೋಗಿ ಬರುತ್ತಿದ್ದಳು. ಪ್ರತಿ ಸಲ ಬಂದಾಗಲೂ ಒತ್ತು ಅವರ ಕೈ ನೋಡುತ್ತಿದ್ದಳು, ಅವರು ಬೇಕೆಂದೇ ಕೈ ಬೆನ್ನ ಹಿಂದಿಡುತ್ತಿದ್ದರು.

ಫಲಿತಾಂಶ ಬಂತು. ಹನ್ನೊಂದು ಕೆಡುಕು ಮಾಡಲಿಲ್ಲ, ಒಳ್ಳೆಯದನ್ನೂ ಮಾಡಲಿಲ್ಲ. ಹುಸಿ ಮಾತ್ರೆ ತಿಂದವರ ಕೈ ಎಷ್ಟು ನಡುಗಿತೋ ಹನ್ನೊಂದು ತಿಂದವರ ಕೈಯೂ ಅಷ್ಟೇ ನಡುಗಿತು. ಕೈಬಿಟ್ಟರು. ಒತ್ತು ಅಡುಗೆಮನೆಯಲ್ಲಿ ನಿಂತು ಅತ್ತಳು. ಅಪ್ಪ ಬಂದು ಹಿಂದೆ ನಿಂತರು. “ನನ್ನದು ತಾನೇ ಕೈ? ನಾನೇ ಸುಮ್ಮನಿದ್ದೀನಿ. ನೀನ್ಯಾಕೆ?” ಎಂದರು. ಆಮೇಲೆ, ಅದುರುವ ಆ ಕೈಯನ್ನು ಅವಳ ತಲೆಯ ಮೇಲಿಟ್ಟರು. ಅದು ಅಲ್ಲೂ ಅದುರಿತು.

ಮರುದಿನ ಮಧ್ಯಾಹ್ನ ಅವಳು ವಾರ್ಡಿಗೆ ಹೋದಾಗ ನರ್ಸಕ್ಕ ತುಟಿಯ ಮೇಲೆ ಬೆರಳಿಟ್ಟು ನಾಲ್ಕನೇ ಕೋಣೆಯ ಕಡೆ ಕಣ್ಣು ತೋರಿಸಿದಳು. ವಾರ್ಡಿನಲ್ಲಿ ಆಗ ಯಾರೂ ಇರಲಿಲ್ಲ. ಒತ್ತು ಬಾಗಿಲಿನ ಗಾಜಿನಿಂದ ಇಣುಕಿದಳು.

ಗೈಡ್ ಮೇಡಂ ಮಂಚದ ಅಂಚಿನಲ್ಲಿ ಕೂತಿದ್ದರು. ಎದುರಿಗೆ ಖಾಲಿ ಕುರ್ಚಿ. ಸಮಿತಿಯ ಕಾಗದಗಳು ಹಾಸಿಗೆಯ ಮೇಲೆ ಬಿದ್ದಿದ್ದವು. ಮೇಡಂ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದರು. ಮಾತು ಕೇಳಿಸುತ್ತಿರಲಿಲ್ಲ. ಆ ದನಿ ತರಗತಿಯಲ್ಲಿ ಒತ್ತು ಎಂದೂ ಕೇಳದ ದನಿ, ಬಹಳ ದಣಿದವರು ತಮಗಿಂತ ದೊಡ್ಡವರ ಹತ್ತಿರ ಆಡುವಂಥದ್ದು. ನಡುನಡುವೆ ನಿಲ್ಲಿಸುತ್ತಿದ್ದರು. ನಿಲ್ಲಿಸಿ, ತಲೆ ವಾರೆ ಮಾಡಿ ಕಾಯುತ್ತಿದ್ದರು. ಒಮ್ಮೆ ಹೂಂ ಎಂದರು.

ಒತ್ತು ಹಿಂದಕ್ಕೆ ಬಂದು ನರ್ಸಕ್ಕನ ಪಕ್ಕದಲ್ಲಿ ನಿಂತಳು. ಇಬ್ಬರೂ ಕಾದರು.

ಮೇಡಂ ಹೊರಗೆ ಬಂದಾಗ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಇವರಿಬ್ಬರನ್ನು ಕಂಡು ಒಂದು ಗಳಿಗೆ ನಿಂತರು.

“ನಾಳೆ ಬೆಳಿಗ್ಗೆ ಬೇಗ ಬಾ” ಎಂದರು ಒತ್ತುವಿಗೆ. “ಹನ್ನೆರಡು ಶುರು ಮಾಡೋಣ.”

ಆಮೇಲೆ ತಿರುಗಿ, ಹಿಡಿಕೆಯನ್ನು ಕೊನೆಯವರೆಗೂ ಬಿಡದೆ, ಒಂದಿಷ್ಟೂ ಸದ್ದಾಗದ ಹಾಗೆ, ಆ ಕೋಣೆಯ ಬಾಗಿಲನ್ನು ಮುಂದಕ್ಕೆಳೆದುಕೊಂಡರು.